ಬಸ್ಸಿನ ಕ್ಯೂಆರ್ ಬೇರೆ, ಮೆಟ್ರೊ ಕ್ಯೂಆರ್ ಬೇರೆ: ಬೆಂಗಳೂರಿನ ಟಿಕೆಟ್ ಗೊಂದಲ ಬಿಡಿಸಿ ನೋಡಿದರೆ

ಸಂಸ್ಥೆಯ ಕ್ಯೂಆರ್ ಕೋಡ್ ಬದಲು ತಮ್ಮದೇ ಕೋಡ್ ತೋರಿಸಿ ಪ್ರಯಾಣಿಕರಿಂದ ಹಣ ಹಾಕಿಸಿಕೊಂಡರು ಎಂಬ ಆರೋಪದ ಮೇಲೆ ಬಿಎಂಟಿಸಿಯ ಕೆಲವು ಕಂಡಕ್ಟರ್‌ಗಳು ಅಮಾನತಾದ ಸುದ್ದಿ ಓದಿದ ಮೇಲೆ ಬಹಳ ಜನರಿಗೆ ಗೊಂದಲ ಶುರುವಾಗಿದೆ. ಫೋನಿನಲ್ಲಿ ಹಸಿರು ಟಿಕ್ ಬಂದರೆ ಕೆಲಸ ಮುಗೀತು ಅಂತ ಎಲ್ಲರೂ ನಂಬಿದ್ದರು. ಈಗ ನೋಡಿದರೆ ಟಿಕ್ ಬಂದರೂ ಹಣ ಬೇರೆ ಕಡೆ ಹೋಗಬಹುದು ಅಂತ ಗೊತ್ತಾಗಿದೆ. ಮೆಟ್ರೊದಲ್ಲೂ ಕ್ಯೂಆರ್ ಇದೆಯಲ್ಲ, ಅಲ್ಲಿ ಯಾಕೆ ಇಂಥ ಸುದ್ದಿ ಬರುವುದಿಲ್ಲ? ಎರಡೂ ಕಡೆ ಒಂದೇ ಕಾರ್ಡ್ ನಡೆಯುತ್ತದೆ ಅಂತ ವರ್ಷಗಳಿಂದ ಕೇಳುತ್ತಿದ್ದೇವಲ್ಲ, ಅದು ಏನಾಯಿತು? ಹೆಂಗಸರಿಗೆ ಬಸ್ಸು ಉಚಿತ ಅಂದ ಮೇಲೆ ಅವರಿಗೆ ಟಿಕೆಟ್ ಯಾಕೆ ಹರಿಯಬೇಕು?

ಈ ಪ್ರಶ್ನೆಗಳೆಲ್ಲ ಒಂದೇ ಗಂಟಿಗೆ ಹೋಗಿ ಸೇರುತ್ತವೆ. ದುಡ್ಡು ಕೊಡುವುದು ಒಂದು ಕೆಲಸ. ಟಿಕೆಟ್ ಪಡೆಯುವುದು ಇನ್ನೊಂದು ಕೆಲಸ. ಬೆಂಗಳೂರಿನ ಬಸ್ಸಿನಲ್ಲಿ ಮೊದಲನೆಯದು ಫೋನಿಗೆ ಬಂದಿದೆ, ಎರಡನೆಯದು ಬಹುಪಾಲು ಹಳೇ ದಾರಿಯಲ್ಲೇ ಇದೆ. ಇವೆರಡರ ನಡುವೆ ಉಳಿದ ಸಂದಿಯಲ್ಲೇ ಈಗಿನ ತೊಂದರೆಗಳೆಲ್ಲ ಹುಟ್ಟುತ್ತಿವೆ.

ಒಂದೇ ಚೌಕ, ಎರಡು ಕೆಲಸ

ಮೆಟ್ರೊದಿಂದ ಶುರು ಮಾಡೋಣ. ನಮ್ಮ ಮೆಟ್ರೊ 2022ರ ನವೆಂಬರ್‌ನಲ್ಲಿ ಕ್ಯೂಆರ್ ಟಿಕೆಟ್ ತಂದಿತು. ವಾಟ್ಸಾಪ್‌ನಲ್ಲೋ ಆ್ಯಪ್‌ನಲ್ಲೋ ಹತ್ತುವ ನಿಲ್ದಾಣ, ಇಳಿಯುವ ನಿಲ್ದಾಣ ಹೇಳಿ ಹಣ ಕಟ್ಟುತ್ತೇವೆ. ಫೋನಿಗೆ ಒಂದು ಚೌಕ ಬರುತ್ತದೆ. ಗೇಟಿನ ಗಾಜಿನ ಮೇಲೆ ಅದನ್ನು ಹಿಡಿದರೆ ಬಾಗಿಲು ತೆರೆಯುತ್ತದೆ. ಇಲ್ಲಿ ಆ ಚೌಕವೇ ಟಿಕೆಟ್. ಅದು ನಮ್ಮ ಕೈಯಲ್ಲಿರುತ್ತದೆ, ಅದನ್ನು ಓದುವುದು ಮೆಟ್ರೊದ ಯಂತ್ರ. ಹಣ ಸರಿಯಾದ ಜಾಗಕ್ಕೆ ಹೋಗಿಲ್ಲ ಅಂದರೆ ಟಿಕೆಟ್ಟೇ ಹುಟ್ಟುವುದಿಲ್ಲ, ಗೇಟೂ ತೆರೆಯುವುದಿಲ್ಲ.

ಬಸ್ಸಿನಲ್ಲಿ ಇದು ಪೂರಾ ಉಲ್ಟಾ. ಚೌಕ ಇರುವುದು ಕಿಟಕಿ ಪಕ್ಕದ ಸ್ಟಿಕ್ಕರ್‌ನಲ್ಲಿ, ಇಲ್ಲಾ ಕಂಡಕ್ಟರ್ ಬಳಿ ಇರುವ ಕಾರ್ಡಿನಲ್ಲಿ. ಅದನ್ನು ಓದುವುದು ನಮ್ಮ ಫೋನು. ಆ ಚೌಕದಲ್ಲಿ ಟಿಕೆಟ್ಟಿನ ವಿವರ ಏನೂ ಇಲ್ಲ, ಬರೀ ಒಂದು ಬ್ಯಾಂಕ್ ಖಾತೆಯ ವಿಳಾಸ ಇದೆ. ನಾವು 12 ರೂಪಾಯಿ ಅಂತ ನಾವೇ ಒತ್ತಿ ಕಳಿಸುತ್ತೇವೆ. ಆಮೇಲೆ ಪರದೆಯನ್ನು ಕಂಡಕ್ಟರ್‌ಗೆ ತೋರಿಸುತ್ತೇವೆ. ಅವರು ನೋಡಿ, ತಮ್ಮ ಯಂತ್ರದಲ್ಲಿ ಬೇರೆಯಾಗಿ ಟಿಕೆಟ್ ಒತ್ತಿ ಕೊಡುತ್ತಾರೆ.

ಅಂದರೆ ಹಣದ ದಾರಿ ಒಂದು, ಟಿಕೆಟ್ಟಿನ ದಾರಿ ಇನ್ನೊಂದು. ಇವೆರಡನ್ನೂ ಜೋಡಿಸುವ ಕೊಂಡಿ ಯಾವುದು? ಕಂಡಕ್ಟರ್ ಕಣ್ಣು ಮಾತ್ರ. ಫೋನಿನ ಪರದೆಯನ್ನು ಅವರು ಒಂದು ಸೆಕೆಂಡ್ ನೋಡುತ್ತಾರೆ. ಆ ಒಂದು ಸೆಕೆಂಡಿನ ಮೇಲೆ ಇಡೀ ಲೆಕ್ಕ ನಿಂತಿದೆ.

ಕೋಡ್ ಬದಲಾದರೆ ಏನಾಗುತ್ತದೆ ಅಂತ ಈಗ ಊಹಿಸಬಹುದು. ಹಣ ಬೇರೆ ಖಾತೆಗೆ ಹೋದರೂ ಪ್ರಯಾಣಿಕನ ಫೋನಿನಲ್ಲಿ ಅದೇ ಹಸಿರು ಟಿಕ್. ಟಿಕೆಟ್ ಕೊಡದೆ ಬಿಟ್ಟರೆ ಆ ಪ್ರಯಾಣ ಸಂಸ್ಥೆಯ ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ಬರೀ ಕೆಲವರ ಕಳ್ಳತನ ಅಂತ ನೋಡಿದರೆ ಅರ್ಧ ಮಾತ್ರ ನೋಡಿದ ಹಾಗೆ. ಕಳ್ಳತನಕ್ಕೆ ಬಾಗಿಲು ತೆರೆದಿಟ್ಟ ವ್ಯವಸ್ಥೆ ಉಳಿದರ್ಧ. ಸಾವಿರಾರು ಕಂಡಕ್ಟರ್‌ಗಳು ಪ್ರಾಮಾಣಿಕವಾಗಿ ದುಡಿಯುತ್ತಿದ್ದಾರೆ. ಈ ಸುದ್ದಿಯಾದ ಮೇಲೆ ಪ್ರಯಾಣಿಕರು ಅವರೆಲ್ಲರನ್ನೂ ಅನುಮಾನದಿಂದ ನೋಡುವ ಹಾಗಾಗಿದೆ. ಅದು ಅವರಿಗೆ ಆಗಿರುವ ದೊಡ್ಡ ಅನ್ಯಾಯ.

ಐದು ರೂಪಾಯಿ ಆರಾದ ದಿನ

ಬಸ್ಸಿನಲ್ಲಿ ಯುಪಿಐ ಇಷ್ಟು ಬೇಗ ಹಬ್ಬಿದ್ದು ಹೇಗೆ? ಫೋನ್ ಎಲ್ಲರ ಕೈಯಲ್ಲೂ ಇದೆ ಅನ್ನುವುದು ಒಂದು ಕಾರಣ. ಚಿಲ್ಲರೆ ಇನ್ನೊಂದು ಕಾರಣ, ಬಹುಶಃ ಅದೇ ದೊಡ್ಡದು.

2025ರ ಜನವರಿ 5ರಿಂದ ರಾಜ್ಯದ ಸಾರಿಗೆ ಸಂಸ್ಥೆಗಳ ಬಸ್ ದರ ಶೇ 15ರಷ್ಟು ಏರಿತು. ಬಿಎಂಟಿಸಿ ಸಾಮಾನ್ಯ ಬಸ್ಸಿನ ಕನಿಷ್ಠ ದರ 5 ರೂಪಾಯಿ ಇದ್ದದ್ದು 6 ಆಯಿತು. ಏರಿದ್ದು ಒಂದೇ ರೂಪಾಯಿ. ಆದರೆ ಆ ಒಂದು ರೂಪಾಯಿ ಬಸ್ಸಿನೊಳಗಿನ ಲೆಕ್ಕವನ್ನೇ ಬದಲಿಸಿತು.

5 ರೂಪಾಯಿಗೆ ಒಂದು ನಾಣ್ಯ ಸಾಕಿತ್ತು. 10ರ ನೋಟು ಕೊಟ್ಟರೆ ವಾಪಸ್ ಒಂದು ನಾಣ್ಯ. 6 ರೂಪಾಯಿಗೆ 10 ಕೊಟ್ಟರೆ 4 ರೂಪಾಯಿ ವಾಪಸ್ ಕೊಡಬೇಕು, ಅಂದರೆ ಎರಡು 2 ರೂಪಾಯಿ ನಾಣ್ಯ. ಬೆಳಗಿನ ಮೊದಲ ಟ್ರಿಪ್ ಮುಗಿಯುವುದರೊಳಗೆ ಕಂಡಕ್ಟರ್ ಚೀಲದಲ್ಲಿ ಅವು ಖಾಲಿ. ಆಮೇಲೆ ಗೊತ್ತಲ್ಲ, ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ '4' ಅಂತ ಗೀಚಿ, ‘ಇಳಿಯುವಾಗ ಇಸ್ಕೊಳ್ಳಿ’ ಅನ್ನುತ್ತಾರೆ. ಇಳಿಯುವ ಹೊತ್ತಿಗೆ ಕಂಡಕ್ಟರ್ ಮುಂದಿನ ಬಾಗಿಲ ಹತ್ತಿರ, ನಾವು ಹಿಂದಿನ ಬಾಗಿಲಲ್ಲಿ. 4 ರೂಪಾಯಿ ಅಲ್ಲೇ ಉಳಿಯುತ್ತದೆ. ಕೇಳಿದರೆ ಜಗಳ, ಕೇಳದಿದ್ದರೆ ನಷ್ಟ.

ಈ ಜಗಳ ಬಸ್ಸಿನಷ್ಟೇ ಹಳೆಯದು. ಯುಪಿಐ ಅದನ್ನು ಒಂದೇ ಏಟಿಗೆ ಮುಗಿಸಿತು. 6 ಅಂದರೆ 6, 23 ಅಂದರೆ 23. ಕಂಡಕ್ಟರ್‌ಗೂ ನಿರಾಳ, ಪ್ರಯಾಣಿಕರಿಗೂ ನಿರಾಳ. ಸಂಜೆ ಡಿಪೋದಲ್ಲಿ ಎಣಿಸಿ ಕಟ್ಟಬೇಕಾದ ನಾಣ್ಯದ ಮೂಟೆಯೂ ಸಣ್ಣದಾಯಿತು. ಹಾಗಾಗಿ ಸ್ಟಿಕ್ಕರ್ ಕೋಡ್ ಅವಸರದ ಪರಿಹಾರವಾಗಿ ಬಂದರೂ ಜನ ಅದನ್ನು ಮನಸಾರೆ ಒಪ್ಪಿಕೊಂಡರು. ಇದನ್ನು ಮರೆತು ‘ಕ್ಯೂಆರ್ ತೆಗೆದುಹಾಕಿ’ ಅನ್ನುವುದು ಸರಿಯಲ್ಲ. ತೆಗೆದರೆ ಮತ್ತೆ ಅದೇ 4 ರೂಪಾಯಿ ಜಗಳಕ್ಕೆ ವಾಪಸ್ ಹೋಗುತ್ತೇವೆ.

ಸ್ಟಿಕ್ಕರ್ ಕೋಡಿಗೂ ಯಂತ್ರದ ಕೋಡಿಗೂ ವ್ಯತ್ಯಾಸ

ಸ್ಟಿಕ್ಕರ್‌ನಲ್ಲಿರುವುದು ಬದಲಾಗದ ಕೋಡ್. ತಾಂತ್ರಿಕವಾಗಿ ಸ್ಟ್ಯಾಟಿಕ್ ಅನ್ನುತ್ತಾರೆ. ನೂರು ಜನ ಸ್ಕ್ಯಾನ್ ಮಾಡಿದರೂ ಅದೇ ಚೌಕ. ಇನ್ನೊಂದು ಬಗೆ ಡೈನಾಮಿಕ್ ಕೋಡ್. ಕಂಡಕ್ಟರ್ ತನ್ನ ಟಿಕೆಟ್ ಯಂತ್ರದಲ್ಲಿ ಹತ್ತಿದ ಜಾಗ, ಇಳಿಯುವ ಜಾಗ ಒತ್ತಿದಾಗ ಆ ಒಂದು ಟಿಕೆಟ್ಟಿಗಾಗಿಯೇ ಹೊಸ ಚೌಕ ಯಂತ್ರದ ಪರದೆಯ ಮೇಲೆ ಮೂಡುತ್ತದೆ. ಅದರೊಳಗೆ ಮೊತ್ತವೂ ಇರುತ್ತದೆ, ಯಾವ ಟಿಕೆಟ್ ಅನ್ನುವ ಗುರುತೂ ಇರುತ್ತದೆ. ಹಣ ಬಂತು ಅಂತ ಬ್ಯಾಂಕ್ ಕಡೆಯಿಂದ ಯಂತ್ರಕ್ಕೇ ಸುದ್ದಿ ಬರಬೇಕು. ಬಂದ ಮೇಲೆ ಮಾತ್ರ ಟಿಕೆಟ್ ಪ್ರಿಂಟ್.

ಇಲ್ಲಿ ಹಣದ ದಾರಿ, ಟಿಕೆಟ್ಟಿನ ದಾರಿ ಎರಡೂ ಒಂದಾಗುತ್ತವೆ. ಕಣ್ಣಳತೆಯ ಕೊಂಡಿ ಬೇಕಿಲ್ಲ. ಕೆಎಸ್‌ಆರ್‌ಟಿಸಿ 2024ರ ಕೊನೆಯಲ್ಲಿ ಹೊಸ ಸ್ಮಾರ್ಟ್ ಯಂತ್ರಗಳೊಂದಿಗೆ ಈ ಬಗೆಯ ಕೋಡಿಗೆ ಬಂದಿತು. ಹಾಗಾದರೆ ನಗರದ ಬಸ್ಸಿಗೂ ಅದನ್ನೇ ಹಾಕಿದರಾಯಿತಲ್ಲ ಅನ್ನಿಸುತ್ತದೆ. ಹಾಕಬೇಕು ನಿಜ. ಆದರೆ ಊರಿಂದೂರಿಗೆ ಹೋಗುವ ಬಸ್ಸೇ ಬೇರೆ, ನಗರದ ಬಸ್ಸೇ ಬೇರೆ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಐವತ್ತು ಜನಕ್ಕೆ ಟಿಕೆಟ್ ಕೊಡಲು ಕಂಡಕ್ಟರ್‌ಗೆ ಪುರುಸೊತ್ತಿದೆ. ಮೆಜೆಸ್ಟಿಕ್‌ನಿಂದ ಹೊರಟ ನಗರ ಬಸ್ಸಿನಲ್ಲಿ ಸಂಜೆ ಆರು ಗಂಟೆಗೆ ಏನಾಗುತ್ತದೆ ನೋಡಿ. ಒಂದು ನಿಲ್ದಾಣದಲ್ಲಿ 30 ಜನ ಹತ್ತಿದರು ಅಂದುಕೊಳ್ಳಿ. ಕೋಡ್ ಮೂಡಿ, ಸ್ಕ್ಯಾನ್ ಆಗಿ, ಪಿನ್ ಒತ್ತಿ, ಬ್ಯಾಂಕಿನಿಂದ ಸುದ್ದಿ ಬರಲು ತಲಾ 15 ಸೆಕೆಂಡ್ ಅಂತ ಹಿಡಿದರೂ 30 ಜನಕ್ಕೆ ಏಳೂವರೆ ನಿಮಿಷ. ಅಷ್ಟರಲ್ಲಿ ಬಸ್ಸು ಎರಡು ಸ್ಟೇಜ್ (ದರ ಲೆಕ್ಕ ಹಾಕುವ ಹಂತ) ದಾಟಿರುತ್ತದೆ, ಇನ್ನಷ್ಟು ಜನ ಹತ್ತಿರುತ್ತಾರೆ. ಸ್ಟಿಕ್ಕರ್ ಕೋಡ್ ಇದ್ದರೆ ಹತ್ತು ಜನ ಒಟ್ಟೊಟ್ಟಿಗೆ ಸ್ಕ್ಯಾನ್ ಮಾಡಬಹುದು. ಡೈನಾಮಿಕ್ ಕೋಡ್ ಅಂದರೆ ಒಬ್ಬರಾದ ಮೇಲೆ ಒಬ್ಬರು. ಯಂತ್ರದ ಸಿಮ್‌ಗೆ ನೆಟ್‌ವರ್ಕ್ ಸಿಗದಿದ್ದರೆ ಅದೂ ಇಲ್ಲ.

ಇನ್ನು ಯುಪಿಐ ತಾನೇ ಕೈಕೊಡುವ ದಿನಗಳಿವೆ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಅಡಚಣೆ ಆಗಿತ್ತು. ಅಂಥ ಹೊತ್ತಿನಲ್ಲಿ ಅಂಗಡಿಯಾದರೆ ‘ಆಮೇಲೆ ಕೊಡಿ’ ಅನ್ನಬಹುದು. ಓಡುವ ಬಸ್ಸಿನಲ್ಲಿ ಆಮೇಲೆ ಅನ್ನುವುದೇ ಇಲ್ಲ. ಟಿಕೆಟ್ ಕೊಡದೆ ಕೂರಿಸಿಕೊಂಡರೆ ತನಿಖಾ ಸಿಬ್ಬಂದಿ ಹತ್ತಿದಾಗ ಪ್ರಯಾಣಿಕನಿಗೆ ದಂಡ, ಕಂಡಕ್ಟರ್‌ಗೆ ಮೆಮೊ. ತಪ್ಪು ಬ್ಯಾಂಕಿನ ಸರ್ವರ್‌ನದು, ಶಿಕ್ಷೆ ಬಸ್ಸಿನಲ್ಲಿ ನಿಂತವರಿಗೆ.

ಹಣ ಕಟ್ ಆಯಿತು, ಟಿಕೆಟ್ ಬರಲಿಲ್ಲ

ಇದು ಬಹಳ ಜನರ ದೂರು, ಸ್ವಲ್ಪ ನಿಧಾನವಾಗಿ ನೋಡಬೇಕು. ಯುಪಿಐನಲ್ಲಿ ನಮ್ಮ ಖಾತೆಯಿಂದ ಹಣ ಹೋಗಿ, ವ್ಯಾಪಾರಿಯ ಕಡೆಗೆ ಖಾತ್ರಿ ತಲುಪದಿದ್ದರೆ, ಐದು ದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ.

ಆದರೆ ಸ್ಟಿಕ್ಕರ್ ಕೋಡಿನಲ್ಲಿ ಒಂದು ತೊಡಕಿದೆ. ಫೋನಿನಲ್ಲಿ ಗಾಲಿ ತಿರುಗುತ್ತಲೇ ಇದೆ, ಕಂಡಕ್ಟರ್ ಕಾಯಲಿಲ್ಲ, ನಗದು ಕೊಟ್ಟು ಟಿಕೆಟ್ ತೆಗೆದುಕೊಂಡೆವು ಅಂದುಕೊಳ್ಳಿ. ಎರಡು ನಿಮಿಷ ಬಿಟ್ಟು ಆ ಹಣ ಸಂಸ್ಥೆಯ ಖಾತೆಗೆ ತಲುಪಿತು. ಬ್ಯಾಂಕಿನ ಕಣ್ಣಲ್ಲಿ ಆ ವಹಿವಾಟು ಯಶಸ್ವಿ. ವಾಪಸ್ ಮಾಡಲು ಕಾರಣವೇ ಇಲ್ಲ. ಟಿಕೆಟ್ ಸಿಕ್ಕಿತೋ ಇಲ್ಲವೋ ಬ್ಯಾಂಕಿಗೆ ಗೊತ್ತಾಗುವ ದಾರಿಯೇ ಇಲ್ಲ, ಯಾಕೆಂದರೆ ಆ ಕೋಡಿನಲ್ಲಿ ಟಿಕೆಟ್ಟಿನ ಗುರುತೇ ಇರಲಿಲ್ಲ. ಡೈನಾಮಿಕ್ ಕೋಡ್ ಆಗಿದ್ದರೆ ಯಾವ ಟಿಕೆಟ್ಟಿನ ಹಣ ಅಂತ ಹುಡುಕಿ ವಾಪಸ್ ಮಾಡಬಹುದಿತ್ತು. 18 ರೂಪಾಯಿಗೆ ಯಾರು ದೂರು ಕೊಡುತ್ತಾರೆ ಅಂತ ಬಿಟ್ಟುಬಿಡುತ್ತೇವೆ. ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಓಡಾಡುವ ಸಂಸ್ಥೆಯಲ್ಲಿ ಹಾಗೆ ಬಿಟ್ಟುಬಿಟ್ಟದ್ದು ಎಷ್ಟೋ ಇರುತ್ತದೆ.

ಇನ್ನೊಂದು ವಿಷಯ ಹೆಣ್ಣುಮಕ್ಕಳ ಮನೆಯವರಿಗೆ ಬೇಗ ಅರ್ಥವಾಗುತ್ತದೆ. ಎಸಿ ಬಸ್ಸಿನಲ್ಲಿ ಹೆಂಗಸರೂ ದುಡ್ಡು ಕೊಟ್ಟೇ ಹೋಗಬೇಕು. ಯಾರದೋ ಖಾಸಗಿ ಕೋಡಿಗೆ ಹಣ ಹಾಕಿದರೆ ನಮ್ಮ ಹೆಸರು ಆ ವ್ಯಕ್ತಿಗೆ ಕಾಣುತ್ತದೆ. ಯುಪಿಐ ವಿಳಾಸದಲ್ಲಿ ಫೋನ್ ನಂಬರೇ ಇದ್ದರೆ ಅದೂ ಹೋಗುತ್ತದೆ. ಹಾಗಾಗಿ ಕೋಡ್ ಬದಲಾಯಿಸುವುದು ಬರೀ ಸಂಸ್ಥೆಯ ದುಡ್ಡಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಕಾರ್ಡ್ ಬಂದರೆ ಎಲ್ಲ ಸರಿಹೋಗುತ್ತಾ?

2019ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಒಂದು ದೇಶ, ಒಂದು ಕಾರ್ಡ್’ ಅಂತ ಎನ್‌ಸಿಎಂಸಿ ಕಾರ್ಡ್ ಶುರು ಮಾಡಿತು. ಯಾವ ಊರಿನ ಮೆಟ್ರೊ, ಬಸ್ಸಿಗಾದರೂ ಒಂದೇ ಕಾರ್ಡ್ ಅನ್ನುವುದು ಆಸೆ. ನಮ್ಮ ಮೆಟ್ರೊ 2023ರಲ್ಲಿ ಇದನ್ನು ತೆಗೆದುಕೊಂಡಿತು. ಚೆನ್ನೈನಲ್ಲಿ ಇದೇ ಬಗೆಯ ‘ಸಿಂಗಾರ ಚೆನ್ನೈ’ ಕಾರ್ಡ್ ಮೊದಲು ಮೆಟ್ರೊಗೆ ಬಂತು, 2025ರ ಜನವರಿಯಲ್ಲಿ ಬಸ್ಸಿಗೂ ಬಂತು.

ಈ ಕಾರ್ಡಿನ ಗುಟ್ಟು ಅದರ ಚಿಪ್‌ನಲ್ಲಿದೆ. ಯುಪಿಐನಲ್ಲಿ ಹಣ ಬ್ಯಾಂಕಿನಲ್ಲಿದೆ, ಪ್ರತಿ ಸಲ ಅಲ್ಲಿಗೆ ಹೋಗಿ ಕೇಳಬೇಕು. ಇಲ್ಲಿ ಹಣ ಕಾರ್ಡಿನ ಚಿಪ್‌ನಲ್ಲೇ ಕೂತಿದೆ. ಯಂತ್ರಕ್ಕೆ ಮುಟ್ಟಿಸಿದರೆ ಕಾರ್ಡು, ಯಂತ್ರ ಎರಡೇ ಮಾತಾಡಿಕೊಂಡು ಕಣ್ಣುಮಿಟುಕಿಸುವುದರೊಳಗೆ ಮುಗಿಸುತ್ತವೆ. ನೆಟ್‌ವರ್ಕ್ ಬೇಕಿಲ್ಲ, ಪಿನ್ ಬೇಕಿಲ್ಲ, ಫೋನಿನ ಬ್ಯಾಟರಿ ಸತ್ತರೂ ಚಿಂತೆಯಿಲ್ಲ. ಬ್ಯಾಂಕಿಗೆ ಲೆಕ್ಕ ಆಮೇಲೆ ಹೋಗುತ್ತದೆ. ಕಿಕ್ಕಿರಿದ ಬಸ್ಸಿಗೆ ಇದಕ್ಕಿಂತ ಒಳ್ಳೆಯದು ಸದ್ಯಕ್ಕೆ ಇಲ್ಲ. 2024ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ಇನ್ನೊಂದು ಅನುಕೂಲ ಮಾಡಿತು. ಬರೀ ಪ್ರಯಾಣಕ್ಕೆ ಬಳಸುವ ಕಾರ್ಡಾದರೆ, ಅದರಲ್ಲಿ 3,000 ರೂಪಾಯಿ ಮೀರದಿದ್ದರೆ, ಗುರುತಿನ ದಾಖಲೆ ಕೇಳದೆ ಕೊಡಬಹುದು ಅಂತ ಹೇಳಿತು. ವಯಸ್ಸಾದವರಿಗೆ, ಶಾಲೆ ಮಕ್ಕಳಿಗೆ, ಬೇರೆ ಊರಿಂದ ಬಂದ ಕೂಲಿಯವರಿಗೆ ಇದು ದೊಡ್ಡ ಸಹಾಯ.

ಇಷ್ಟೆಲ್ಲ ಇದ್ದೂ ಜನ ಯಾಕೆ ಮುಗಿಬೀಳಲಿಲ್ಲ? ಮೊದಲನೆಯದು ರೀಚಾರ್ಜ್ ತಾಪತ್ರಯ. ಫೋನಿನಲ್ಲಿ ಹಣ ತುಂಬಿದರೆ ಅದು ಬ್ಯಾಂಕಿನ ಲೆಕ್ಕಕ್ಕೆ ಹೋಗುತ್ತದೆ, ಚಿಪ್‌ಗೆ ಬರುವುದಿಲ್ಲ. ಅದಕ್ಕಾಗಿ ನಿಲ್ದಾಣದ ಯಂತ್ರಕ್ಕೆ ಮತ್ತೊಮ್ಮೆ ಮುಟ್ಟಿಸಿ ಅಪ್‌ಡೇಟ್ ಮಾಡಬೇಕು. ಇದು ಗೊತ್ತಿಲ್ಲದವರು ‘ದುಡ್ಡು ಹಾಕಿದೀನಿ, ಗೇಟ್ ತೆಗೀತಿಲ್ಲ’ ಅಂತ ಕೌಂಟರ್ ಮುಂದೆ ನಿಲ್ಲುತ್ತಾರೆ. ಎರಡನೆಯದು, ಕಾರ್ಡ್ ಕಳೆದುಹೋದರೆ ಚಿಪ್‌ನಲ್ಲಿದ್ದ ಹಣವೂ ಸಾಮಾನ್ಯವಾಗಿ ಹೋದಂತೆಯೇ. ಮೂರನೆಯದು ಕನಿಷ್ಠ ಮೊತ್ತದ ಕಟ್ಟುಪಾಡು. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ ಗರಿಷ್ಠ ದರ 60ರಿಂದ 90 ರೂಪಾಯಿ ಆದಾಗ ಮೆಟ್ರೊ ಸ್ಮಾರ್ಟ್ ಕಾರ್ಡಿನಲ್ಲಿ ಇರಲೇಬೇಕಾದ ಹಣವೂ 90ಕ್ಕೆ ಏರಿತು. ಎರಡು ನಿಲ್ದಾಣ ಮಾತ್ರ ಹೋಗುವವರೂ 90 ರೂಪಾಯಿ ಕಾರ್ಡಿನಲ್ಲಿ ಇಟ್ಟುಕೊಂಡಿರಬೇಕು. ದಿನಗೂಲಿಯ ಕೈಗೆ ಅದು ಸಣ್ಣ ಮೊತ್ತವಲ್ಲ.

ಬಸ್ಸಿಗೆ ಇನ್ನೊಂದು ತೊಡಕಿದೆ. ನಮ್ಮಲ್ಲಿ ದರ ಸ್ಟೇಜ್ ಲೆಕ್ಕದಲ್ಲಿದೆ. ಎಲ್ಲಿ ಇಳಿಯುತ್ತೀರಿ ಅಂತ ಗೊತ್ತಾಗದೆ ದರ ಹೇಳಲಾಗದು. ಕಂಡಕ್ಟರ್ ಬಾಯಲ್ಲಿ ಕೇಳುತ್ತಾರೆ. ಯಂತ್ರಕ್ಕೆ ಬಾಯಿಲ್ಲ. ಹಾಗಾಗಿ ಹತ್ತುವಾಗಲೂ ಇಳಿಯುವಾಗಲೂ ಮುಟ್ಟಿಸಬೇಕು. ಇಳಿಯುವಾಗ ಮರೆತರೆ ಕೊನೇ ನಿಲ್ದಾಣದವರೆಗಿನ ದರ ಕಟ್. ತಳ್ಳಾಟದಲ್ಲಿ ಇಳಿಯುವವರು ಮರೆಯದೇ ಇರುತ್ತಾರಾ? ಲಂಡನ್ನಿನಲ್ಲಿ 2014ರ ಜುಲೈನಿಂದ ಬಸ್ಸಿನಲ್ಲಿ ನಗದು ಪೂರ್ತಿ ನಿಂತಿತು. ಅಲ್ಲಿ ಅದು ಸಾಧ್ಯವಾಗಲು ಒಂದು ಮುಖ್ಯ ಕಾರಣ, ಬಸ್ಸಿನಲ್ಲಿ ಎಷ್ಟು ದೂರ ಹೋದರೂ ಒಂದೇ ದರ. ಹತ್ತುವಾಗ ಮುಟ್ಟಿಸಿದರೆ ಸಾಕು. ಆ ಕಾರ್ಡನ್ನು ಮಾತ್ರ ತಂದು, ಆ ದರದ ಪದ್ಧತಿ ತರದಿದ್ದರೆ ಇಲ್ಲಿ ಕೆಲಸ ಆಗುವುದಿಲ್ಲ.

ನಮ್ಮ ರಾಜ್ಯದಲ್ಲೇ ಇನ್ನೊಂದು ದಾರಿ ನೋಡಿದ್ದೇವೆ. ಹುಬ್ಬಳ್ಳಿ–ಧಾರವಾಡದ ‘ಚಿಗರಿ’ ಬಸ್ಸಿಗೆ ನಿಲ್ದಾಣದಲ್ಲೇ ಟಿಕೆಟ್ ಕೊಂಡು, ಮೆಟ್ರೊ ಥರ ಗೇಟ್ ದಾಟಿ ಹೋಗುವ ವ್ಯವಸ್ಥೆ ಮಾಡಿದರು. ಬಸ್ಸಿನೊಳಗೆ ಟಿಕೆಟ್ ಗಲಾಟೆಯೇ ಇಲ್ಲ. ಆದರೆ ಅದಕ್ಕೆ ಪ್ರತ್ಯೇಕ ದಾರಿ, ಕಟ್ಟಿದ ನಿಲ್ದಾಣ ಬೇಕು. ಬೆಂಗಳೂರಿನ ಮೂಲೆಮೂಲೆಯ ನಿಲ್ದಾಣಗಳಲ್ಲಿ ಎಷ್ಟೋ ಕಡೆ ನಿಲ್ಲಲು ನೆರಳೂ ಇಲ್ಲ. ಅಲ್ಲಿ ಗೇಟು ಎಲ್ಲಿ ಹಾಕುವುದು?

ಉಚಿತ ಪ್ರಯಾಣಕ್ಕೆ ಟಿಕೆಟ್ ಯಾಕೆ?

2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾಯಿತು. 2025ರ ಜುಲೈನಲ್ಲಿ ಉಚಿತ ಪ್ರಯಾಣಗಳ ಲೆಕ್ಕ 500 ಕೋಟಿ ದಾಟಿತು. ಈ 500 ಕೋಟಿ ಅನ್ನುವ ಅಂಕಿ ಎಲ್ಲಿಂದ ಬಂತು? ಟಿಕೆಟ್ ಯಂತ್ರದಿಂದ.

ಹೆಂಗಸರಿಗೆ ಕೊಡುವ ಶೂನ್ಯ ದರದ ಟಿಕೆಟ್ ನೋಡಲು ಸುಮ್ನೆ ಕಾಗದದ ಹಾಗೆ ಕಾಣಬಹುದು. ಆದರೆ ಅದು ಸರ್ಕಾರಕ್ಕೆ ಸಾರಿಗೆ ಸಂಸ್ಥೆ ಬರೆಯುವ ಬಿಲ್. ಎಲ್ಲಿಂದ ಎಲ್ಲಿಗೆ ಹೋದರು, ದುಡ್ಡು ಕೊಟ್ಟಿದ್ದರೆ ಎಷ್ಟಾಗುತ್ತಿತ್ತು ಅನ್ನುವುದೆಲ್ಲ ಯಂತ್ರದಲ್ಲಿ ದಾಖಲಾಗುತ್ತದೆ. ಆ ಲೆಕ್ಕದ ಮೇಲೆ ಸರ್ಕಾರ ಸಂಸ್ಥೆಗೆ ಹಣ ತುಂಬಿಕೊಡಬೇಕು. ಟಿಕೆಟ್ ಕೊಡದೆ ಬಿಟ್ಟರೆ ಸಂಸ್ಥೆಗೆ ನಷ್ಟ. ಪ್ರಯಾಣವೇ ಆಗದೆ ಟಿಕೆಟ್ ಒತ್ತಿದರೆ ಬೊಕ್ಕಸಕ್ಕೆ ನಷ್ಟ. ಹೀಗಾಗಿ ಕಂಡಕ್ಟರ್ ಪ್ರತಿ ಹೆಣ್ಣುಮಗಳ ಗುರುತಿನ ಚೀಟಿ ನೋಡಬೇಕು, ಪ್ರತಿಯೊಬ್ಬರಿಗೂ ಟಿಕೆಟ್ ಒತ್ತಬೇಕು. ದುಡ್ಡು ಮುಟ್ಟದಿದ್ದರೂ ಕೆಲಸ ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ.

ಇದಕ್ಕೂ ಕಾರ್ಡ್ ತರುವ ಮಾತು ಯೋಜನೆಯ ಶುರುವಿನಿಂದ ಇದೆ. ಪರವಾಗಿ ಮಾತಾಡುವವರು ಲೆಕ್ಕ ನಿಖರವಾಗುತ್ತದೆ, ಗುರುತಿನ ಚೀಟಿ ತೋರಿಸುವ ಕಿರಿಕಿರಿ ತಪ್ಪುತ್ತದೆ ಅನ್ನುತ್ತಾರೆ. ಇನ್ನೊಂದು ಕಡೆಯವರ ಆತಂಕವೂ ಸರಿಯಾದದ್ದೇ. ಕಾರ್ಡ್ ಮಾಡಿಸಲು ಸಾಲಲ್ಲಿ ನಿಲ್ಲುವವರು ಯಾರು? ಮನೆಗೆಲಸಕ್ಕೆ ಬೆಳಗ್ಗೆ ಐದಕ್ಕೇ ಹೊರಡುವ ಹೆಂಗಸಿಗೆ ಅದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ಕಾರ್ಡ್ ಕಳೆದರೆ ಹೊಸದು ಬರುವ ತನಕ ಉಚಿತ ಪ್ರಯಾಣ ಇಲ್ಲ ಅಂದರೆ ಹಕ್ಕನ್ನೇ ಕಿತ್ತುಕೊಂಡ ಹಾಗೆ. ಒಬ್ಬ ಹೆಣ್ಣುಮಗಳು ದಿನಾ ಎಲ್ಲಿ ಹತ್ತುತ್ತಾಳೆ, ಎಲ್ಲಿ ಇಳಿಯುತ್ತಾಳೆ ಅನ್ನುವ ದಾಖಲೆ ಯಾರ ಕೈಯಲ್ಲಿರುತ್ತದೆ ಅನ್ನುವುದೂ ಇತ್ಯರ್ಥವಾಗಬೇಕು. ಕಾರ್ಡ್ ಬರಲಿ, ಆದರೆ ಕಾರ್ಡ್ ಇಲ್ಲದವಳನ್ನೂ ಬಸ್ಸು ಹತ್ತಿಸಿಕೊಳ್ಳುವ ನಿಯಮ ಅದರ ಜೊತೆಗೇ ಬರಬೇಕು.

ಯಾರಿಗೆ ಏನು ಬೇಕು

ಸಂಸ್ಥೆಗೆ ಬೇಕಿರುವುದು ಸೋರಿಕೆ ನಿಲ್ಲುವುದು. ಜೊತೆಗೆ ಯಾವ ಮಾರ್ಗದಲ್ಲಿ ಎಷ್ಟು ಹೊತ್ತಿಗೆ ಎಷ್ಟು ಜನ ಅನ್ನುವ ಮಾಹಿತಿ. ಆ ಮಾಹಿತಿ ಇದ್ದರೆ ಬಸ್ಸನ್ನು ಬೇಕಾದ ಕಡೆ ಬಿಡಬಹುದು.

ಕಂಡಕ್ಟರ್‌ಗಳ ಚಿಂತೆ ಬೇರೆ. ಹೊಸ ಯಂತ್ರ ಬಂದಾಗಲೆಲ್ಲ ‘ಮುಂದೆ ನಮ್ಮ ಕೆಲಸ ಇರುತ್ತಾ’ ಅನ್ನುವ ಪ್ರಶ್ನೆ ಡಿಪೋದಲ್ಲಿ ಏಳುತ್ತದೆ. ಚಾಲಕನೇ ಟಿಕೆಟ್ ಕೊಡುವ ಬಸ್ಸುಗಳು ಈಗಾಗಲೇ ಇರುವುದರಿಂದ ಆ ಭಯಕ್ಕೆ ಆಧಾರ ಇದೆ. ಆದರೆ ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರ್ ಬರೀ ಟಿಕೆಟ್ ಕೊಡುವುದಿಲ್ಲ. ಬಾಗಿಲಲ್ಲಿ ನೇತಾಡುವವರನ್ನು ಒಳಗೆ ಕರೆಯುತ್ತಾರೆ, ದಾರಿ ಗೊತ್ತಿಲ್ಲದವರಿಗೆ ಎಲ್ಲಿ ಇಳಿಯಬೇಕು ಅಂತ ಹೇಳುತ್ತಾರೆ, ಹೆಂಗಸರ ಸೀಟು ಬಿಡಿಸುತ್ತಾರೆ, ‘ರೈಟ್ ರೈಟ್’ ಅನ್ನುವ ಮೊದಲು ಅಜ್ಜಿ ಪೂರ್ತಿ ಇಳಿದರಾ ಅಂತ ನೋಡುತ್ತಾರೆ. ಟಿಕೆಟ್ ಕೆಲಸ ಹಗುರವಾದರೆ ಇವೆಲ್ಲ ಇನ್ನೂ ಚೆನ್ನಾಗಿ ಆಗುತ್ತವೆ. ಅವರನ್ನು ತೆಗೆಯಲು ಯಂತ್ರ ತರುತ್ತಿದ್ದಾರೆ ಅಂತಾದರೆ ಮಾತ್ರ ಅದನ್ನು ವಿರೋಧಿಸಬೇಕು.

ಬ್ಯಾಂಕುಗಳ ಮಾತು ಚಿಕ್ಕದು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲ. 6 ರೂಪಾಯಿಯ ಲಕ್ಷಾಂತರ ವಹಿವಾಟು ಅವರಿಗೆ ಕೆಲಸವೇ ಹೊರತು ಲಾಭವಲ್ಲ. ಈ ಶೂನ್ಯ ಶುಲ್ಕ ಎಂದಾದರೂ ಬದಲಾದರೆ ಅತಿ ಸಣ್ಣ ಟಿಕೆಟ್ಟಿಗೇ ಅತಿ ದೊಡ್ಡ ಪೆಟ್ಟು.

ಒಂದೇ ಕಾರ್ಡ್ ಇದ್ದರೂ ಒಂದೇ ಟಿಕೆಟ್ ಆಗುವುದಿಲ್ಲ

ಇಲ್ಲಿಗೆ ಮುಖ್ಯ ಗಂಟು. ಒಬ್ಬರು ಮನೆಯಿಂದ ಬಸ್ಸಿನಲ್ಲಿ ಮೆಟ್ರೊಗೆ ಬಂದು, ಮೆಟ್ರೊ ಇಳಿದು ಮತ್ತೊಂದು ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಾರೆ. ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ಹೀಗೆ ಹೋಗುವವರು ಜಾಸ್ತಿಯಾಗಿದ್ದಾರೆ. ಆ ತಿಂಗಳಲ್ಲೇ ಮೆಟ್ರೊ ಒಂದು ದಿನಕ್ಕೆ 10 ಲಕ್ಷ ಪ್ರಯಾಣ ದಾಟಿತು.

ದೂರ ಹೆಚ್ಚಾದಂತೆ ಕಿಲೋಮೀಟರಿಗೆ ತಗಲುವ ದರ ಕಡಿಮೆಯಾಗುವುದು ಸಾಮಾನ್ಯ ಪದ್ಧತಿ. ಆದರೆ ಪ್ರಯಾಣವನ್ನು ಮೂರು ತುಂಡು ಮಾಡಿದರೆ ಮೂರು ಸಲವೂ ಶುರುವಿನ ದರ ಬೀಳುತ್ತದೆ. ಬಸ್ಸಿಗೆ 6, ಮೆಟ್ರೊಗೆ ಕನಿಷ್ಠ 10, ಮತ್ತೆ ಬಸ್ಸಿಗೆ 6. ಮನೆ ಮುಂದೆಯೇ ಮೆಟ್ರೊ ಇರುವವರಿಗೆ ಈ ದಂಡ ಇಲ್ಲ. ಬಾಡಿಗೆ ಕಡಿಮೆ ಅಂತ ಮೆಟ್ರೊದಿಂದ ದೂರ ಇರುವವರಿಗೆ ದಿನಕ್ಕೆ ಎರಡು ಸಲ ಇದೆ. ಈ ಮೂರೂ ಕಡೆ ಒಂದೇ ಕಾರ್ಡ್ ಮುಟ್ಟಿಸಿದರೂ ಕಟ್ ಆಗುವ ಹಣ ಅಷ್ಟೇ. ಜೇಬಿಗೆ ಅನುಕೂಲ ಆಗಬೇಕಾದರೆ ದರ ಒಂದಾಗಬೇಕು. ಅದಕ್ಕೆ ಯಂತ್ರ ಸಾಲದು, ಒಪ್ಪಂದ ಬೇಕು.

ಆ ಒಪ್ಪಂದ ಯಾಕೆ ಕಷ್ಟ ಅಂದರೆ, ಬಸ್ ದರಕ್ಕೆ ಒಪ್ಪಿಗೆ ಕೊಡುವುದು ರಾಜ್ಯ ಸರ್ಕಾರ. ಮೆಟ್ರೊ ಸಂಸ್ಥೆಯಲ್ಲಿ ಕೇಂದ್ರ, ರಾಜ್ಯ ಎರಡಕ್ಕೂ ಸಮಪಾಲು ಇದೆ. ಅದರ ದರ ಮೆಟ್ರೊ ರೈಲ್ವೆ ಕಾಯ್ದೆಯಡಿ ರಚನೆಯಾಗುವ ದರ ನಿಗದಿ ಸಮಿತಿಯ ಮೂಲಕ ಬರುತ್ತದೆ. ಒಂದೇ ಟಿಕೆಟ್‌ಗೆ 40 ರೂಪಾಯಿ ತೆಗೆದುಕೊಂಡರೆ ಅದರಲ್ಲಿ ಬಸ್ಸಿಗೆ ಎಷ್ಟು, ಮೆಟ್ರೊಗೆ ಎಷ್ಟು? ರಿಯಾಯಿತಿಯ ಹೊರೆ ಯಾರು ಹೊರಬೇಕು? ಇಂಥದ್ದನ್ನೆಲ್ಲ ಕೂತು ಬಗೆಹರಿಸಲೆಂದೇ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾನೂನು ಆಗಿದೆ. ಚೆನ್ನೈ ತನ್ನ ಇಂಥದ್ದೇ ಪ್ರಾಧಿಕಾರದ ಮೂಲಕ 2025ರ ಸೆಪ್ಟೆಂಬರ್‌ನಲ್ಲಿ ಬಸ್ಸು, ಮೆಟ್ರೊ, ಲೋಕಲ್ ರೈಲಿಗೆ ಒಂದೇ ಕ್ಯೂಆರ್ ತಂದಿತು. ಇಲ್ಲೂ ಅಷ್ಟಾದರೂ ಆಗಲೇಬೇಕು. ಆ್ಯಪ್ ಮಾಡುವವರಿಗೆ ಈ ಊರಿನಲ್ಲಿ ಬರವಿಲ್ಲ.

ಮುಂದೆ ಏನಾಗಬಹುದು

ಹತ್ತಿರದಲ್ಲಿ ಆಗುವುದು ಬಸ್ಸಿಗೆ ಡೈನಾಮಿಕ್ ಕೋಡ್. ಅದರ ಜೊತೆ ಕಾರ್ಡ್ ಓದುವ ಯಂತ್ರವೂ ಬಂದರೆ ಗದ್ದಲದ ಹೊತ್ತಿಗೆ ಆಸರೆ ಆಗುತ್ತದೆ. ಬರೀ ಕೋಡ್ ಬಂದರೆ ಸೋರಿಕೆ ನಿಲ್ಲುತ್ತದೆ, ಸಾಲು ಬೆಳೆಯುತ್ತದೆ. ಸಾಲು ಬೆಳೆದರೆ ಜನ ಮತ್ತೆ ನಗದಿಗೆ ಹೋಗುತ್ತಾರೆ. ದಿನಾ ಓಡಾಡುವವರು ಪಾಸಿಗೆ ಹೋದರೆ ಪ್ರತಿ ಸಲದ ಟಿಕೆಟ್ ಕೆಲಸವೇ ಇಲ್ಲವಾಗುತ್ತದೆ. ಆದರೆ 2025ರಲ್ಲಿ ಸಾಮಾನ್ಯ ಮಾಸಿಕ ಪಾಸ್ 1,050ರಿಂದ 1,200 ರೂಪಾಯಿಗೆ ಏರಿದೆ. ಅಷ್ಟು ದುಡ್ಡನ್ನು ತಿಂಗಳ ಮೊದಲೇ ಒಟ್ಟಿಗೆ ಕೊಡಲಾಗದವರೇ ದಿನಾ ಬಿಡಿ ಟಿಕೆಟ್ ತೆಗೆಯುವುದು. ಲಂಡನ್ನಿನಲ್ಲಿ ಕಾರ್ಡ್ ಮುಟ್ಟಿಸುತ್ತ ಹೋದರೆ ಒಂದು ದಿನದ ಮಿತಿ ತಲುಪಿದ ಮೇಲೆ ಹಣ ಕಟ್ ಆಗುವುದೇ ನಿಲ್ಲುತ್ತದೆ. ಬಿಡಿ ಟಿಕೆಟ್ ತೆಗೆಯುವ ಬಡವರಿಗೂ ಪಾಸಿನ ಲಾಭ ಸಿಗುವುದು ಹಾಗೆ. ಕಾರ್ಡಿನಿಂದ ನಮಗೆ ಸಿಗಬಹುದಾದ ದೊಡ್ಡ ವರ ಅದೇ.

ಯಂತ್ರ ಕೊಂಡರೆ ಮುಗಿಯಲಿಲ್ಲ ಅನ್ನುವುದಕ್ಕೆ ಬಿಎಂಟಿಸಿಯ ಹಳೇ ಅನುಭವವೇ ಸಾಕ್ಷಿ. 2016ರಲ್ಲಿ ಜಿಪಿಎಸ್, ಟಿಕೆಟ್ ಯಂತ್ರ ಎಲ್ಲ ಸೇರಿದ ದೊಡ್ಡ ವ್ಯವಸ್ಥೆ ಶುರುವಾಯಿತು. ಕೆಲವೇ ವರ್ಷದಲ್ಲಿ ಯಂತ್ರಗಳು ಕೆಡತೊಡಗಿ, ಕಂಡಕ್ಟರ್‌ಗಳು ಮತ್ತೆ ಮುದ್ರಿಸಿದ ಟಿಕೆಟ್ ಹರಿದುಕೊಡಬೇಕಾಯಿತು. ಹಾಗಾಗಿ ಹೊಸ ಟೆಂಡರ್ ಸುದ್ದಿ ಬಂದಾಗ ಎಷ್ಟು ಸಾವಿರ ಯಂತ್ರ ಅನ್ನುವುದನ್ನು ಮಾತ್ರ ನೋಡಿದರೆ ಸಾಲದು. ಕೆಟ್ಟ ಯಂತ್ರಕ್ಕೆ ಡಿಪೋದಲ್ಲಿ ಎಷ್ಟು ಹೊತ್ತಿನಲ್ಲಿ ಬದಲಿ ಸಿಗುತ್ತದೆ, ಬ್ಯಾಟರಿ ಎರಡನೇ ಪಾಳಿಯವರೆಗೆ ಬರುತ್ತದಾ ಅನ್ನುವುದನ್ನೂ ನೋಡಬೇಕು.

ಅಲ್ಲಿಯವರೆಗೆ ಸ್ಟಿಕ್ಕರ್ ಕೋಡ್ ಇರುತ್ತದೆ. ಸ್ಕ್ಯಾನ್ ಮಾಡಿದಾಗ ಮೊತ್ತ ಒತ್ತುವ ಮೊದಲೇ ಹಣ ಯಾರಿಗೆ ಅನ್ನುವ ಹೆಸರು ಪರದೆಯ ಮೇಲೆ ಬರುತ್ತದೆ. ಅಲ್ಲಿ ಸಂಸ್ಥೆಯ ಹೆಸರಿನ ಬದಲು ಒಬ್ಬ ವ್ಯಕ್ತಿಯ ಹೆಸರು ಕಂಡರೆ ಪಿನ್ ಒತ್ತಬೇಡಿ. ಹಣ ಹೋದ ಮೇಲೆ ಕಾಗದದ ಟಿಕೆಟ್ ಕೇಳಿ ಪಡೆಯಿರಿ, ಕೊಟ್ಟ ಮೊತ್ತವೇ ಅದರಲ್ಲಿ ಇದೆಯಾ ನೋಡಿ. ಟಿಕೆಟ್ ಬರದೆ ಹಣ ಮಾತ್ರ ಹೋದರೆ, ವಹಿವಾಟಿನ ಸಂಖ್ಯೆ ಇರುವ ಪರದೆಯ ಚಿತ್ರ, ಬಸ್ಸಿನ ನಂಬರ್, ಹತ್ತಿದ ಸಮಯ ಇಟ್ಟುಕೊಳ್ಳಿ. ದೂರು ಕೊಟ್ಟಾಗ ಹಣಕ್ಕೂ ಪ್ರಯಾಣಕ್ಕೂ ಕೊಂಡಿ ಹಾಕಲು ಸದ್ಯಕ್ಕೆ ಈ ಮೂರೇ ಇರುವುದು.